ಇಬ್ಬರ ಏಣಿ

ನನ್ನ ಕೆಲಸ ಮಾತಾಡುವುದು. ಸೈನ್ಯದ ಪ್ಯಾರಾಚೂಟ್ ತಂಡದಲ್ಲಿ ಉಳಿದವರೆಲ್ಲ ವಿಮಾನದಿಂದ ಹಾರಿದರೆ ನಾನೊಬ್ಬ ನೆಲದ ಮೇಲೆ ನಿಂತು, ಮೈಕ್ ಹಿಡಿದು, ಅಗೋ ಅಲ್ಲಿ ನೋಡಿ, ಕೆಂಪು ಹೊಗೆ ಬಿಡುತ್ತಾ ಇಳಿಯುತ್ತಿರುವವರು ಇಂಥವರು, ಒಂದು ಚಪ್ಪಾಳೆ ಬರಲಿ ಎಂದು ಬಾಯಿ ಬಡಿದುಕೊಳ್ಳುತ್ತೇನೆ. ಮೊದಲು ನಾನೂ ಹಾರುತ್ತಿದ್ದವನೇ. ಕಣಕಾಲು ಮುರಿದು, ಮುರಿದದ್ದು ಸೊಟ್ಟಗೆ ಕೂಡಿಕೊಂಡು, ಡಾಕ್ಟರು ಇನ್ನು ಸಾಕು ಎಂದ ಮೇಲೆ ಕ್ಯಾಪ್ಟನ್ ನನ್ನ ಕೈಗೆ ಮೈಕ್ ಕೊಟ್ಟರು. "ಹೇಗಿದ್ರೂ ನಿಮ್ಮ ಬಾಯಿ ಸುಮ್ನಿರಲ್ಲ ಮಾವ, ತಂಡಕ್ಕಾದ್ರೂ ಉಪಯೋಗಕ್ಕೆ ಬರ್ಲಿ" ಎಂದರು. ತಂಡದಲ್ಲಿ ಎಲ್ಲರಿಗೂ ನಾನು ಮಾವ. ಮಗಳೊಬ್ಬಳಿಗೆ ಮಾತ್ರ ಮೈದಾನದಲ್ಲಿ ಸರ್, ಮನೆಯಲ್ಲಿ ಅಪ್ಪ, ಜಗಳವಾದ ದಿನ 'ಇವರು'. "ಅಮ್ಮಾ, ಇವರಿಗೆ ಹೇಳು, ನನ್ನ ಬೂಟು ಮುಟ್ಬಾರ್ದು ಅಂತ!"

ಹೌದು, ಮಗಳೂ ಇದೇ ತಂಡದಲ್ಲಿ ಹಾರುತ್ತಾಳೆ. ಅದಕ್ಕೆ ನಾನೇ ಕಾರಣ ಎಂದು ನನ್ನ ಹೆಂಡತಿಯ ಗಟ್ಟಿ ನಂಬಿಕೆ. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಲೆಕ್ಕ ತಪ್ಪುವವಳಲ್ಲ. "ಒಬ್ರು ಕುಂಟ್ಕೊಂಡು ಮನೇಲಿರೋದು ಸಾಲ್ದಾ?" ಎಂದು ಒಂದು ಸಲ ಕೇಳಿದಳು, ಆಮೇಲೆ ಆ ವಿಷಯಕ್ಕೆ ಬಾಯಿ ಹೊಲಿದುಕೊಂಡಳು. ಮಗಳು ಹಾರುವುದನ್ನು ನೋಡಲು ಅವಳು ಒಂದು ದಿನವೂ ಬಂದಿರಲಿಲ್ಲ. ಆ ಭಾನುವಾರ ಬಂದಳು. ಎಳೆದುಕೊಂಡು ಬಂದವಳು ಬೊಂಬುವಿನ ಹೆಂಡತಿ.

ಬೊಂಬು ಅಂದರೆ ನಮ್ಮ ತಂಡದ ಅತಿ ಉದ್ದದ ಆಸಾಮಿ. ವಿಮಾನದ ಬಾಗಿಲಲ್ಲಿ ಎರಡು ಮಡಿಕೆ ಆಗದೆ ಹೊರಗೆ ಬೀಳಲಾರ. ಅವನಿಗೆ ಹಾರುವುದನ್ನು ಕಲಿಸಿದವನು ನಾನು. ಮೊದಲ ಸಲ ಬಾಗಿಲಲ್ಲಿ ನಿಂತು ನಡುಗುತ್ತಿದ್ದಾಗ, "ಹಾರ್ತೀಯೋ, ಇಲ್ಲಾ ಒದೀಲೋ?" ಎಂದು ಕೇಳಿದ್ದೆ. "ಒದೀರಿ ಮಾವ" ಅಂದಿದ್ದ ಪುಣ್ಯಾತ್ಮ. ಅವನ ಹೆಂಡತಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವ ಹುಡುಗಿ, ನನ್ನ ಹೆಂಡತಿಯನ್ನು ಅಕ್ಕಾ ಅಕ್ಕಾ ಎಂದು ಸುತ್ತುತ್ತಿದ್ದವಳು. "ನಮ್ಮನೆಯವರೂ ನಿಮ್ಮ ಮಗಳೂ ಸೇರಿ ಮಾಡ್ತಿರೋದು ಅಕ್ಕಾ, ನಾವಿಬ್ರೂ ಅಕ್ಕಪಕ್ಕ ಕೂತು ನೋಡದಿದ್ರೆ ಹೇಗೆ?" ಎಂದು ಹಟ ಹಿಡಿದು ಕರೆದುಕೊಂಡು ಬಂದಿದ್ದಳು.

ಸೇರಿ ಮಾಡುತ್ತಿದ್ದದ್ದು ಏಣಿ. ನಾವು ಅದನ್ನು ಹಾಗೇ ಕರೆಯುವುದು. ಹಗುರ ಇರುವವರು ಮೇಲೆ, ಭಾರ ಇರುವವರು ಕೆಳಗೆ. ಇಬ್ಬರ ಪ್ಯಾರಾಚೂಟೂ ಅರಳಿದ ಮೇಲೆ ಕೆಳಗಿನವನು ನಿಧಾನಕ್ಕೆ ಹತ್ತಿರ ಬರುತ್ತಾನೆ. ಮೇಲಿನವರು ಅವನ ಪ್ಯಾರಾಚೂಟಿನ ಹಗ್ಗಗಳಿಗೆ ಪಾದ ಸಿಕ್ಕಿಸಿಕೊಂಡು ನಿಂತುಬಿಡುತ್ತಾರೆ. ಆಕಾಶದಲ್ಲಿ ಒಂದರ ಕೆಳಗೊಂದು ಪ್ಯಾರಾಚೂಟು ನಿಂತಿರುತ್ತದೆ. ನೋಡಲು ಚಂದ. ಸ್ಪರ್ಧೆಯಲ್ಲೂ ಇದಕ್ಕೇ ಬಹುಮಾನ. ಸ್ಪರ್ಧೆ ಹತ್ತಿರ ಬಂದಿತ್ತಾದ್ದರಿಂದ ಜನರ ಮುಂದೆ ಒಂದು ಸಲ ಆಗಿಬಿಡಲಿ ಎಂದು ಕ್ಯಾಪ್ಟನ್ ಪ್ರದರ್ಶನದ ಕೊನೆಗೆ ಇಟ್ಟಿದ್ದರು. ಮೇಲೆ ನನ್ನ ಮಗಳು, ಕೆಳಗೆ ಬೊಂಬು.

ಮೈಕ್ ಹಿಡಿದವನಿಗೆ ಎರಡು ಕಟ್ಟುನಿಟ್ಟಿನ ನಿಯಮಗಳಿವೆ. ಒಂದು, ಮೇಲೆ ಏನೇ ಎಡವಟ್ಟಾದರೂ ದನಿ ಬದಲಾಗಕೂಡದು. ಹಾರಿದವರ ಹೆಂಡಿರು ಮಕ್ಕಳು ಅಲ್ಲೇ ಕೂತಿರುತ್ತಾರೆ. ಆದ್ದರಿಂದ ಜನರ ಕಣ್ಣನ್ನು ಬೇರೆ ಕಡೆ ತಿರುಗಿಸಬೇಕು. "ಈಗ ದಯವಿಟ್ಟು ಎಲ್ಲರೂ ನಿಮ್ಮ ಬಲಗಡೆ ನೋಡಿ" ಎಂದು ನಾನು ಹೇಳಿದರೆ ಬಲಗಡೆಯಿಂದ ಬ್ಯಾಂಡಿನವರು ಊದುತ್ತಾ ಬರುತ್ತಾರೆ, ಆಂಬ್ಯುಲೆನ್ಸು ಎಡಗಡೆಯಿಂದ ಹೊರಡುತ್ತದೆ.

ಎರಡನೆಯದು ಏಣಿಗೆ ಸಂಬಂಧಿಸಿದ್ದು. ಕೆಳಗಿನವನ ಪ್ಯಾರಾಚೂಟು ಮುದುಡಿ ಮೇಲಿನವರ ಮೈಗೆ ಸುತ್ತಿಕೊಂಡರೆ, ಕೆಳಗಿನವನು ಬಾವಿಗೆ ಇಳಿಬಿಟ್ಟ ಕೊಡದ ಹಾಗೆ ತೂಗುತ್ತಾ ಗಿರಗಿರ ತಿರುಗುತ್ತಿರುತ್ತಾನೆ. ಎದೆಯ ಮೇಲಿನ ಕೆಂಪು ಹಿಡಿ ಎಳೆದರೆ ಅವನು ಕಳಚಿಕೊಂಡು ಬೀಳುತ್ತಾನೆ, ಬೆನ್ನಲ್ಲಿರುವ ಎರಡನೇ ಪ್ಯಾರಾಚೂಟು ಅರಳುತ್ತದೆ, ಇಬ್ಬರೂ ಉಳಿಯುತ್ತಾರೆ. ಆದರೆ ಅರಳುವುದಕ್ಕೆ ಎತ್ತರ ಬೇಕು. ಎತ್ತರವಿಲ್ಲದೆ ಕಳಚಿಕೊಂಡವನು ಕಲ್ಲಿನಂತೆ ಬಂದು ನೆಲಕ್ಕೆ ಬೀಳುತ್ತಾನೆ. ಆಗ ಕಳಚಿಕೊಳ್ಳಬಾರದು. ಒಬ್ಬರಿಗಾಗಿ ಮಾಡಿದ ಒಂದೇ ಪ್ಯಾರಾಚೂಟಿಗೆ ಇಬ್ಬರೂ ಜೋತುಬಿದ್ದು ಬರಬೇಕು, ಏನು ಮುರಿಯುತ್ತದೋ ಮುರಿಯಲಿ ಎಂದು. ತಿರುಗುತ್ತಿರುವವನಿಗೆ ಮಣಿಕಟ್ಟಿನ ಮೇಲಿರುವ, ಎತ್ತರ ತೋರಿಸುವ ಮೀಟರು ಓದಲಾಗುವುದಿಲ್ಲ. ಅದಕ್ಕೇ ಅದನ್ನು ನೆಲದವನು ಹೇಳಬೇಕು, ಅವನ ಮಾತೇ ಕೊನೆ. ಎರಡೇ ಮಾತು. ಎತ್ತರ ಇದ್ದರೆ 'ಬಿಡು', ಇಲ್ಲದಿದ್ದರೆ 'ಇರು'. ಕೇಳಿಸುತ್ತದೆಯೇ ಎನ್ನಬೇಡಿ. ಅಲ್ಲಿ ಮೇಲೆ ನಾಯಿ ಬೊಗಳಿದ್ದೂ ಕೇಳಿಸುತ್ತದೆ.

ಎತ್ತರ ಅಳೆಯಲು ನಮ್ಮದೊಂದು ಹಳೇ ಉಪಾಯ. ಕೈ ನೀಡಿ ಹೆಬ್ಬೆರಳು ಎತ್ತಿ ಹಿಡಿಯಬೇಕು. ಪ್ಯಾರಾಚೂಟು ಉಗುರಿನ ಅಗಲದಲ್ಲಿ ಅಡಗಿದರೆ ಬಿಡು, ಉಗುರು ಮೀರಿ ಆಚೆ ಈಚೆ ಕಂಡರೆ ಇರು. ಮಗಳಿಗೆ ನಾನು ಇದನ್ನು ಮನೆಯ ತಾರಸಿಯಲ್ಲಿ ನಿಲ್ಲಿಸಿ, ದೂರದ ಕಟ್ಟಡದ ಕಿಟಕಿಗಳನ್ನು ತೋರಿಸಿ ಕಲಿಸಿದ್ದೆ. ನಮ್ಮಾಕೆ ಬಟ್ಟೆ ಒಣಹಾಕುತ್ತಾ, "ಅಪ್ಪ ಮಗಳು ಇಬ್ರಿಗೂ ತಲೆ ಕೆಟ್ಟಿದೆ" ಎಂದು ನಗುತ್ತಿದ್ದಳು.

ಆ ಭಾನುವಾರ ಮೈದಾನ ತುಂಬಿತ್ತು. ನಾನು ಮೈಕ್ ಹಿಡಿದು ನಿಲ್ಲುವ ಕಟ್ಟೆಯ ಕೆಳಗೇ ಹಾರುವವರ ಮನೆಯವರ ಕುರ್ಚಿಗಳು. ಮೊದಲು ಹಾರಿದವರೆಲ್ಲ ಇಳಿದು, ಬಟ್ಟೆ ಬಾಚಿಕೊಂಡು, ಜನರಿಗೆ ಕೈ ಬೀಸಿ ಆಗಿತ್ತು. "ಇನ್ನೀಗ ಮಹನೀಯರೇ ಮಹಿಳೆಯರೇ, ಎದೆ ಗಟ್ಟಿ ಇರುವವರು ಮಾತ್ರ ಮೇಲೆ ನೋಡಿ" ಎಂದೆ. ಜನ ನಕ್ಕರು. ಮಗಳು ಬೊಂಬುವಿನ ಹಗ್ಗಗಳಿಗೆ ಪಾದ ಕೊಟ್ಟು ನಿಂತಳು, ಇಬ್ಬರ ಕಾಲಿನಿಂದಲೂ ಹೊಗೆ ಹೊರಟಿತು, ಚಪ್ಪಾಳೆ ಬಿತ್ತು. "ಮೇಲಿರುವವರು ನನ್ನ ಮಗಳು, ನಾನೇನೂ ಹೇಳೋ ಹಾಗಿಲ್ಲ, ಹೇಳಿದ್ರೆ ರಾತ್ರಿ ಊಟ ಹಾಕಲ್ಲ" ಎಂದೆ. ಅದಕ್ಕೂ ನಕ್ಕರು. ಬೊಂಬುವಿನ ಹೆಂಡತಿ ನಮ್ಮಾಕೆಯ ತೋಳು ಹಿಡಿದು ಅಲ್ಲಾಡಿಸುತ್ತಿದ್ದಳು.

ಅಷ್ಟರಲ್ಲಿ ಗಾಳಿ ಒದೆಯಿತು. ಬೊಂಬುವಿನ ಪ್ಯಾರಾಚೂಟಿನ ಒಂದು ಅಂಚು ಒಳಕ್ಕೆ ಮಡಚಿತು. ನೋಡನೋಡುತ್ತಿದ್ದಂತೆ ಇಡೀ ಬಟ್ಟೆ ಉಸಿರು ಬಿಟ್ಟು ಮುದುಡಿ ನನ್ನ ಮಗಳ ತಲೆಯಿಂದ ಸೊಂಟದವರೆಗೆ ಸುತ್ತಿಕೊಂಡಿತು. ಕೈಯೂ ಒಳಗೇ ಸಿಕ್ಕಿಕೊಂಡಿತು. ಅವಳ ಪ್ಯಾರಾಚೂಟು ನೆಟ್ಟಗಿತ್ತು, ಆದರೆ ಅದನ್ನು ತಿರುಗಿಸಲು, ತಡೆಯಲು ಅವಳಿಗೆ ಕೈಯಿಲ್ಲ, ನೋಡಲು ಕಣ್ಣಿಲ್ಲ. ಅವಳ ಕೆಳಗೆ ಬೊಂಬು ತೂಗುತ್ತಾ ತಿರುಗತೊಡಗಿದ. ಅವನ ಬಲಗೈ ಎದೆಯ ಹಿಡಿಯ ಮೇಲೆ ಹೋಯಿತು, ಅಲ್ಲೇ ನಿಂತಿತು. ನನ್ನ ಮಾತಿಗೆ ಕಾಯುತ್ತಿದ್ದ.

"ಈಗ ದಯವಿಟ್ಟು ಎಲ್ಲರೂ ನಿಮ್ಮ ಬಲಗಡೆ ನೋಡಿ" ಎಂದೆ. ದನಿ ಬದಲಾಗಲಿಲ್ಲ. ಬ್ಯಾಂಡು ಶುರುವಾಯಿತು, ತಲೆಗಳೆಲ್ಲ ಬಲಕ್ಕೆ ತಿರುಗಿದವು. ಹಾರಾಟವನ್ನು ಚಿತ್ರಿಸುತ್ತಿದ್ದ ನಮ್ಮ ಕ್ಯಾಮೆರಾದ ಹುಡುಗ ಕೂಡ ಅಭ್ಯಾಸಬಲದಿಂದ ಬಲಕ್ಕೆ ತಿರುಗಿದ. ತಿರುಗದೇ ಉಳಿದದ್ದು ಎರಡು ಮುಖ, ನನ್ನ ಹೆಂಡತಿಯದು ಮತ್ತು ಬೊಂಬುವಿನ ಹೆಂಡತಿಯದು. ಇಷ್ಟು ವರ್ಷ ನನ್ನ ಜೊತೆ ಬಾಳಿದವಳಿಗೆ ಆ ಮಾತಿನ ಅರ್ಥ ಗೊತ್ತಿಲ್ಲದಿರುತ್ತದೆಯೇ.

ಹೆಬ್ಬೆರಳು ಎತ್ತಿದೆ. ಪ್ಯಾರಾಚೂಟು ಉಗುರಿನೊಳಗಿತ್ತು. ಅಂಚು ಮುಟ್ಟಿರಲಿಲ್ಲ, ಒಳಗೇ ಇತ್ತು. ಎತ್ತರ ಇತ್ತು. 'ಬಿಡು' ಎನ್ನಬೇಕಿತ್ತು.

ನನ್ನ ಬಾಯಿ, ಸಂತೆಯಲ್ಲೂ ಮುಚ್ಚದ ಬಾಯಿ, ಆಗ ಕಚ್ಚಿಕೊಂಡುಬಿಟ್ಟಿತು. ಏಕೆಂದರೆ ಬೆರಳು ಎತ್ತುವ ಮೊದಲೇ ನನ್ನ ಒಳಗೆ ಏನೋ 'ಬಿಡು ಬಿಡು' ಎಂದು ಬಡಿದುಕೊಳ್ಳುತ್ತಿತ್ತು. ಅವನು ಕಳಚಿಕೊಂಡರೆ ಅವನ ಭಾರ ಹೋಗುತ್ತದೆ, ನನ್ನ ಮಗಳು ಕಣ್ಣು ಕಾಣದಿದ್ದರೂ ತನ್ನಷ್ಟಕ್ಕೆ ಮೆಲ್ಲಗೆ ಇಳಿದುಬಿಡುತ್ತಾಳೆ. ಅವಳಿಗೆ ಅದೇ ಒಳ್ಳೆಯದು. ಬೆರಳು ಕಂಡದ್ದು ನಿಜವೋ, ನನ್ನ ಹೊಟ್ಟೆಯ ಸಂಕಟ ಕಂಡದ್ದು ನಿಜವೋ? ಬಿಡು ಎಂದು, ಅವನದು ಅರಳದೆ ಹೋದರೆ? ಮಗಳನ್ನು ಉಳಿಸಿಕೊಳ್ಳಲು ಆ ಹುಡುಗನನ್ನು ಕೊಂದ ಎನ್ನುವುದಿಲ್ಲವೇ? ಅವನ ಹೆಂಡತಿ ಅಲ್ಲೇ ಕೆಳಗೆ ಬಾಯಿ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಇರು" ಎಂದೆ. ಧ್ವನಿವರ್ಧಕಗಳಲ್ಲೆಲ್ಲ ಅದು ಮೊಳಗಿತು. "ಬೊಂಬು, ಇರು!"

ಬೊಂಬುವಿನ ಕೈ ಹಿಡಿಯ ಮೇಲಿಂದ ಸರಿಯಲಿಲ್ಲ. ಅವನು ತಿರುಗುತ್ತಾ ಇನ್ನೊಂದು ಸಲ ನನ್ನ ಕಡೆ ನೋಡಿದ. ಕಟ್ಟೆಯ ಮೆಟ್ಟಿಲ ಮೇಲೆ ದಡದಡ ಸದ್ದು. ನನ್ನ ಹೆಂಡತಿ ಓಡಿ ಬಂದು, ನನ್ನ ಕೈಯಿಂದ ಮೈಕ್ ಕಿತ್ತುಕೊಂಡಳು.

"ಬಿಡೋ!" ಎಂದು ಕಿರುಚಿದಳು. "ಬಿಟ್ಬಿಡೋ ಅವಳನ್ನ! ನನ್ನ ಮಗಳನ್ನ ಬಿಡೋ, ಬಿಡಪ್ಪಾ, ನಿನಗೆ ಕೈ ಮುಗೀತೀನಿ ಬಿಡು!"

ಬ್ಯಾಂಡು ನಿಂತುಹೋಯಿತು. ಬಲಕ್ಕೆ ತಿರುಗಿದ್ದ ತಲೆಗಳೆಲ್ಲ ಕಟ್ಟೆಯ ಕಡೆಗೆ ತಿರುಗಿದವು. ಆ ಜನರಲ್ಲಿ ಅವಳ ಶಾಲೆಯ ಮಕ್ಕಳಿದ್ದರು, ಮಕ್ಕಳ ತಂದೆತಾಯಂದಿರಿದ್ದರು. ನಾನು ಅವಳನ್ನು ತಳ್ಳಿದೆ. ಹೌದು, ತಳ್ಳಿದೆ. ಮೈಕ್ ಕಸಿದುಕೊಂಡು ಮತ್ತೊಮ್ಮೆ ಕೂಗಿದೆ.

"ಇರು! ನನ್ನ ಮಾತು ಕೇಳು ಬೊಂಬು, ಇರು!"

ಅವನು ನನ್ನ ಮಾತು ಕೇಳಿದ. ಹಿಡಿಯ ಮೇಲಿಂದ ಕೈ ತೆಗೆದ. ಎರಡೂ ಕೈಯಿಂದ ಮೇಲಿನ ಹಗ್ಗ ಹಿಡಿದುಕೊಂಡು, ಉದ್ದ ಕಾಲುಗಳನ್ನು ಜೋಡಿಸಿ, ಬೀಳುವುದಕ್ಕೆ ಸಿದ್ಧನಾದ. ನಾನೇ ಕಲಿಸಿದ್ದ ಭಂಗಿ. ಆಮೇಲೆ ಪ್ಯಾರಾಚೂಟು ಉಗುರಿನಷ್ಟು ಅಗಲವಾಯಿತು, ಬೆರಳಿನಷ್ಟು, ಅಂಗೈಯಷ್ಟು. ಕೊನೆಗಳಿಗೆಯಲ್ಲಿ ಮಗಳು ಹೇಗೋ ಒಂದು ಕೈ ಹೊರಕ್ಕೆ ಎಳೆದುಕೊಂಡು ಒಂದು ಪಕ್ಕದ ಹಗ್ಗ ಜಗ್ಗಿದಳು. ಕಣ್ಣು ಕಾಣದೆ ಜಗ್ಗಿದ್ದು, ಪ್ಯಾರಾಚೂಟು ಓರೆಯಾಗಿ ತಿರುಗಿತು. ಮೈದಾನದ ಅಂಚಿನ ಗಟ್ಟಿ ನೆಲಕ್ಕೆ ಮೊದಲು ಬೊಂಬು ಬಡಿದ, ಅವನ ಮೇಲೆ ನನ್ನ ಮಗಳು. ಆ ಸದ್ದು ಕಟ್ಟೆಯವರೆಗೂ ಕೇಳಿಸಿತು.

ಮಗಳ ಭುಜದ ಮೂಳೆ ಮುರಿದಿತ್ತು, ಒಂದು ಕಾಲು ಮುರಿದಿತ್ತು. ಕೂಡಿಕೊಳ್ಳುತ್ತದೆ ಎಂದರು ಡಾಕ್ಟರು. ಬೊಂಬುವಿನ ಬೆನ್ನುಮೂಳೆ ಮುರಿದಿತ್ತು. ಆಪರೇಷನ್ ಮುಗಿಸಿ ಹೊರಗೆ ಬಂದ ಡಾಕ್ಟರು ಟೋಪಿ ತೆಗೆದು, "ಜೀವಕ್ಕೆ ಅಪಾಯ ಇಲ್ಲ" ಎಂದರು. ಬೊಂಬುವಿನ ಹೆಂಡತಿ, "ನಡೀತಾರಾ?" ಎಂದು ಕೇಳಿದಳು. ಅವರು ಇಲ್ಲ ಎಂಬಂತೆ ತಲೆ ಅಲ್ಲಾಡಿಸಿದರು. ಅವಳು ಅಳಲಿಲ್ಲ. ಗೋಡೆಗೆ ಒರಗಿದಳು, ಹಾಗೇ ಜಾರಿ ನೆಲದ ಮೇಲೆ ಕೂತುಬಿಟ್ಟಳು. ನನ್ನ ಹೆಂಡತಿ ಎಬ್ಬಿಸಲು ಹೋದಳು. "ಮುಟ್ಬೇಡಿ ನನ್ನನ್ನ" ಎಂದಳು ಆ ಹುಡುಗಿ. ಅಕ್ಕಾ ಎನ್ನಲಿಲ್ಲ.

ಆಸ್ಪತ್ರೆಯ ಆ ಮೊಗಸಾಲೆಯಲ್ಲಿ ನಾವು ಕಳೆದ ದಿನಗಳು ಶತ್ರುವಿಗೂ ಬೇಡ. ಒಂದು ತುದಿಗೆ ಮಗಳ ಕೋಣೆ, ಇನ್ನೊಂದು ತುದಿಗೆ ಬೊಂಬುವಿನದು, ನಡುವೆ ಕಬ್ಬಿಣದ ಬೆಂಚುಗಳು. ತಂಡದವರು ಬರುತ್ತಿದ್ದರು. ನನ್ನ ಹೆಗಲು ತಟ್ಟುತ್ತಿದ್ದರು, ನನ್ನ ಹೆಂಡತಿಯನ್ನು ಕಂಡರೆ ಗೋಡೆಯ ಮೇಲಿನ ಸೂಚನೆಗಳನ್ನು ಓದತೊಡಗುತ್ತಿದ್ದರು. ಕ್ಯಾಪ್ಟನ್ ನನ್ನನ್ನು ಪಕ್ಕಕ್ಕೆ ಕರೆದು, "ಮಾವ, ನಿಮ್ಮಂಥವರು ಸಿಗಲ್ಲ. ಸ್ವಂತ ಮಗಳು ಮೇಲೆ ನೇತಾಡ್ತಿದ್ರೂ ಸರಿಯಾದ ಮಾತೇ ಹೇಳಿದ್ರಿ. ಬೇರೆ ಯಾವನೇ ಆಗಿದ್ರೂ ಬಿಡು ಅಂದ್ಬಿಡ್ತಿದ್ದ" ಎಂದರು. ಆಮೇಲೆ ದನಿ ತಗ್ಗಿಸಿ, "ಮನೆಯವರದೂ ತಪ್ಪಲ್ಲ ಬಿಡಿ. ಹೆತ್ತ ಕರುಳು. ಆದ್ರೆ ಆ ಹುಡುಗಿ ಎದುರಿಗೆ ಅವರು ಓಡಾಡದಿದ್ರೆ ಒಳ್ಳೇದು" ಎಂದರು. ನಾನು ತಲೆಯಾಡಿಸಿದೆ. ನನ್ನ ತಲೆಗಿಷ್ಟು ಬೆಂಕಿ ಹಾಕ, ಆಡಿಸಿದೆ.

ಶಾಲೆಯಿಂದ ಫೋನು ಬಂತು. ಸ್ವಲ್ಪ ದಿನ ರಜೆ ತೆಗೆದುಕೊಳ್ಳಿ ಟೀಚರ್, ಕೆಲವು ತಾಯಂದಿರು ಏನೇನೋ ಮಾತಾಡುತ್ತಿದ್ದಾರೆ ಎಂದು. ಅವಳು "ಆಯ್ತು" ಎಂದು ಫೋನಿಟ್ಟು ನನ್ನ ಪಕ್ಕದ ಬೆಂಚಿಗೆ ಬಂದು ಕೂತಳು.

"ಒಂದು ಕೇಳ್ತೀನಿ, ನಿಜ ಹೇಳಿ" ಎಂದಳು. "ಉಗುರಿನ ಒಳಗಿತ್ತಲ್ವಾ?"

ನಾನು ಅವಳ ಕಡೆ ತಿರುಗಿದೆ. "ನಿನಗೇನು ಗೊತ್ತು?"

"ನಾನೂ ಹಿಡಿದಿದ್ದೆ." ಅವಳು ತನ್ನ ಬೆರಳನ್ನೇ ನೋಡಿಕೊಂಡಳು. "ತಾರಸಿ ಮೇಲೆ ಅಷ್ಟು ದಿನ ಕಲಿಸಿದ್ರಲ್ಲ, ನನಗೇನು ಕಿವಿ ಇರಲಿಲ್ವಾ? ಒಳಗಿತ್ತು. ನೀವು ಮೊದಲನೇ ಸಲ ಕೂಗಿದಾಗ್ಲೂ ಒಳಗಿತ್ತು, ನಾನು ಮೈಕ್ ಕಿತ್ಕೊಂಡಾಗ್ಲೂ ಒಳಗೇ ಇತ್ತು. ಅವನು ಬಿಟ್ಟಿದ್ರೆ ಇಬ್ರೂ ನಡ್ಕೊಂಡು ಬರ್ತಿದ್ರು."

"ಹೂಂ" ಎಂದೆ.

"ಮತ್ತೆ ಯಾಕ್ರೀ?"

"ಅವಳು ನನ್ನ ಮಗಳಲ್ವೇನೇ. ನನ್ನ ಕಣ್ಣನ್ನ ನಾನೇ ನಂಬಲಿಲ್ಲ. ಮಗಳಿಗೋಸ್ಕರ ಹೇಳ್ತಿದೀನೇನೋ ಅನ್ನಿಸ್ತು."

"ಅನ್ನಿಸ್ತು" ಎಂದಳು. "ನಾಳೆ ಜನ ಏನಂತಾರೋ ಅನ್ನಿಸ್ತು ಅಂತ ಹೇಳಿ. ನಿಮ್ಮ ಹೆಸರು ಕೆಡಬಾರ್ದಿತ್ತು. ಕೆಡಲಿಲ್ಲ ನೋಡಿ, ಎಲ್ರೂ ಬೆನ್ನು ತಟ್ತಿದಾರೆ. ನಾನು ಕೊಲೆಗಾತಿ ಆದೆ. ಆ ಹುಡುಗ ಹಾಸಿಗೆ ಹಿಡಿದ."

ಎದ್ದು ಹೋಗಿ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಪಕ್ಷಪಾತಿ ಅನ್ನಿಸಿಕೊಳ್ಳುವ ಭಯಕ್ಕೆ ನಾನು ಅನ್ಯಾಯ ಮಾಡಿದ್ದೆ. ಅಲ್ಲಿ ಮೇಲೆ ಇದ್ದದ್ದು ಬೇರೆ ಯಾರ ಮಗಳೇ ಆಗಿದ್ದರೂ ಕಣ್ಣು ಮಿಟುಕಿಸುವುದರೊಳಗೆ 'ಬಿಡು' ಎನ್ನುತ್ತಿದ್ದೆ.

"ಹೇಳಿಬಿಡ್ತೀನಿ" ಎಂದೆ. "ಕ್ಯಾಪ್ಟನ್‌ಗೂ ಹೇಳ್ತೀನಿ, ಅವನಿಗೂ ಹೇಳ್ತೀನಿ."

"ಹೇಳ್ಲೇಬೇಕು" ಎಂದಳು. "ನನಗೋಸ್ಕರ ಹೇಳ್ಬೇಕು. ನಾನು ನಾಳೆ ಆ ಮಕ್ಕಳ ಮುಂದೆ ನಿಂತು ಪಾಠ ಮಾಡ್ಬೇಕು ಕಣ್ರೀ. ಇಷ್ಟಾದ್ರೂ ಮಾಡಿ."

ಮಾರನೇ ದಿನ ಬೆಳಿಗ್ಗೆ ನರ್ಸ್ ಬಂದು, ಬೊಂಬು ಮಾತಾಡುತ್ತಿದ್ದಾನೆ, ಮಾವನನ್ನು ಕರೆಯಿರಿ ಅಂತಿದ್ದಾನೆ ಎಂದಳು. ನಾನು ಎದ್ದೆ. ಕುಂಟುಗಾಲು ಆವತ್ತು ಇನ್ನಷ್ಟು ಎಳೆಯುತ್ತಿತ್ತು. ಹೆಂಡತಿಯೂ ಎದ್ದಳು. "ನೀನು ಬೇಡ ಕಣೇ, ಆ ಹುಡುಗಿ ಇದಾಳೆ" ಎಂದೆ. "ಬರ್ತೀನಿ" ಎಂದಳು. "ನೀವು ಹೇಳೋದನ್ನ ನಾನು ಕೇಳ್ಬೇಕು."

ಕೋಣೆಯ ಮಂಚ ಅವನಿಗೆ ಸಾಲದೆ ಪಾದದ ಕಡೆ ಒಂದು ಸ್ಟೂಲು ಇಟ್ಟು ದಿಂಬು ಹಾಕಿದ್ದರು. ಅವನ ಹೆಂಡತಿ ಒದ್ದೆ ಬಟ್ಟೆಯಿಂದ ಅವನ ಕೈ ಒರೆಸುತ್ತಿದ್ದಳು. ನನ್ನನ್ನು ಕಂಡು ಕುರ್ಚಿ ಎಳೆದು ಹಾಕಿದಳು, ಹಿಂದೆ ನನ್ನ ಹೆಂಡತಿಯನ್ನು ಕಂಡು ಮುಖ ತಿರುಗಿಸಿದಳು. ನನ್ನ ಹೆಂಡತಿ ಬಾಗಿಲ ಹತ್ತಿರವೇ ನಿಂತಳು.

"ಅವಳು ಹೇಗಿದಾಳೆ ಮಾವ?" ಎಂದ ಬೊಂಬು. ಮೊದಲು ಕೇಳಿದ್ದು ಅದು.

"ಪ್ಲಾಸ್ಟರ್ ಹಾಕಿದಾರೆ. ಎಲ್ರ ಮೇಲೂ ರೇಗಾಡ್ತಿದಾಳೆ."

"ಹಾಗಾದ್ರೆ ಚೆನ್ನಾಗಿದಾಳೆ" ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. ಸೂರು ನೋಡುತ್ತಾ ಮಾತಾಡಿದ. "ಮಾವ, ಕಾಲಿನ ವಿಷಯ ಡಾಕ್ಟ್ರು ಹೇಳಿದ್ರು. ಇವಳು ನಿನ್ನೆ ಪೂರ್ತಿ ಅತ್ತಳು. ನಾನು ಅಳಲಿಲ್ಲ. ಯಾಕಂದ್ರೆ ನನ್ನ ತಲೇಲಿ ಒಂದೇ ಓಡ್ತಿದೆ. ತಿರುಗ್ತಾ ಇದ್ನಲ್ಲ, ಒಂದು ಸಲ ಮೀಟರ್ ಮುಳ್ಳು ಕಂಡ ಹಾಗಾಯ್ತು. ಎತ್ತರ ಇದೆಯೇನೋ ಅನ್ನಿಸ್ತು. ಕೈ ಹಿಡಿ ಮೇಲೇ ಇತ್ತು. ಎಳ್ದೇ ಬಿಡ್ತಿದ್ದೆ. ಅಷ್ಟರಲ್ಲಿ ನಿಮ್ಮ ಮಾತು ಕೇಳಿಸ್ತು. ನನಗೆ ಕಂಡಿದ್ದು ಸುಳ್ಳು, ಮಾವಂಗೆ ಕಂಡಿದ್ದೇ ನಿಜ ಅಂದ್ಕೊಂಡೆ."

"ಬೊಂಬು..." ಎಂದೆ.

"ತಾಳಿ, ಪೂರ್ತಿ ಹೇಳ್ತೀನಿ. ಎತ್ತರ ಇಲ್ದೇ ಇದ್ರೆ ನಾನು ಬದುಕಿದ್ದೇ ದೊಡ್ಡದು. ಕಾಲು ಹೋಯ್ತು, ಜೀವ ಉಳೀತು, ಹೇಗೋ ನಡ್ಸ್ಕೊಂಡು ಹೋಗ್ತೀನಿ. ಆದ್ರೆ ಎತ್ತರ ಇತ್ತು ಅಂದ್ರೆ..." ಸೂರಿನಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದ. "ಇತ್ತು ಅಂದ್ರೆ ಮಾವ, ನಾನು ಈ ಮಂಚದ ಮೇಲೆ ಹೇಗಿರ್ಲಿ? ದಿನಾ ಬೆಳಿಗ್ಗೆ ಎದ್ದು ಏನಂದ್ಕೊಳ್ಲಿ? ನೀವು ಕೆಳಗಿಂದ ನೆಟ್ಟಗೆ ನೋಡಿದೀರಿ. ಹೇಳಿ. ಎತ್ತರ ಇತ್ತಾ?"

ಅವನ ಹೆಂಡತಿ ಕೈ ಒರೆಸುವುದನ್ನು ನಿಲ್ಲಿಸಿದಳು. ಹೇಳುತ್ತೇನೆ ಎಂದು ಬಂದವನು ನಾನು. ಇಡೀ ರಾತ್ರಿ ಒಂದೊಂದೇ ಮಾತು ಜೋಡಿಸಿಟ್ಟುಕೊಂಡಿದ್ದೆ. ಬಾಯಿ ತೆರೆದೆ. ಅವನ ಕಣ್ಣು ನೋಡಿದೆ. ನಾಲಿಗೆ ಹೊರಳಲೇ ಇಲ್ಲ. ನಿಜ ಹೇಳಿದರೆ ಅವನು ಸಾಯುತ್ತಾನೆ, ಸುಳ್ಳು ಹೇಳಿದರೆ ಬಾಗಿಲಲ್ಲಿ ನಿಂತವಳು ಸಾಯುತ್ತಾಳೆ. ದೇವರೇ, ಇಷ್ಟು ವರ್ಷ ಬಾಯಿಂದಲೇ ಹೊಟ್ಟೆ ಹೊರೆದೆ, ಆವತ್ತು ಒಂದು ಮಾತು ಹುಟ್ಟಲಿಲ್ಲ.

"ಇರಲಿಲ್ಲಪ್ಪಾ" ಎಂದಳು ನನ್ನ ಹೆಂಡತಿ.

ನಾನು ತಿರುಗಿ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಮಂಚದ ಹತ್ತಿರ ಬಂದಳು.

"ಎತ್ತರ ಇರ್ಲಿಲ್ಲ. ನಿಮ್ಮ ಮಾವ ಸರಿಯಾಗೇ ಹೇಳಿದ್ರು. ನೀನು ಬಿಟ್ಟಿದ್ರೆ ಸತ್ತುಹೋಗ್ತಿದ್ದೆ. ಅದು ಗೊತ್ತಿದ್ದೂ ನಾನು ಬಿಡು ಅಂದೆ. ನನ್ನ ಮಗಳು ಬದುಕಿದ್ರೆ ಸಾಕಿತ್ತು ನನಗೆ. ನನ್ನ ಮಾತು ಕೇಳದೇ ಒಳ್ಳೇದು ಮಾಡ್ದೆ. ಇನ್ನೊಂದು ಸಲ ಆ ಯೋಚನೇನೇ ಮಾಡ್ಬೇಡ."

ಬೊಂಬು ಉದ್ದಕ್ಕೆ ಉಸಿರು ಬಿಟ್ಟ. ಕಣ್ಣು ಮುಚ್ಚಿದ, ಎರಡೂ ಕಡೆಯಿಂದ ನೀರು ಇಳಿದು ಕಿವಿಗೆ ಹೋಯಿತು. "ಸರಿ ಹಾಗಾದ್ರೆ" ಎಂದ. "ಸರಿ."

ಅವನ ಹೆಂಡತಿ ಎದ್ದು ನಿಂತಳು. "ಬಾಯಿಬಿಟ್ಟು ಹೇಳೋಕೂ ನಾಚಿಕೆ ಆಗ್ಲಿಲ್ವಾ ನಿಮಗೆ?" ಎಂದಳು. "ಹೋಗಿ ಇಲ್ಲಿಂದ. ಇನ್ನು ಈ ಕಡೆ ಕಾಲಿಡ್ಬೇಡಿ."

ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೊರಟುಹೋದಳು. ನಾನು ಎದ್ದು ಅವಳ ಹಿಂದೆ ಹೋಗಬೇಕಿತ್ತು. ಬೊಂಬು ನನ್ನ ಕೈ ಹಿಡಿದುಕೊಂಡಿದ್ದ. "ನೀವು ಕೂತ್ಕೊಳ್ಳಿ ಮಾವ" ಎಂದಳು ಅವನ ಹೆಂಡತಿ, ಕಣ್ಣೊರೆಸಿಕೊಂಡು. "ನೀವು ದೇವರ ಥರ ಬಂದ್ರಿ ನಮಗೆ." ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ನನ್ನ ಕೈಗೆ ಕೊಟ್ಟಳು. ನಾನು ಕುಡಿದೆ.